ಕೊರಿಯನ್ ಭಾಷಿಕರಿಗೆ ಇಂಗ್ಲಿಷ್ ಕಲಿಸುವಾಗ ಮೊದಲು ಏನನ್ನು ತಿದ್ದಬೇಕು?

ಪ್ರಶ್ನೆ ಕೇಳಿದವರು: ಕಲಿಕೆಯ ಹಾದಿ

ದಕ್ಷಿಣ ಕೊರಿಯಾದ ಕೆಲವು ವಯಸ್ಕ ವಿದ್ಯಾರ್ಥಿಗಳಿಗೆ ನಾನು ಆನ್‌ಲೈನ್ ಮೂಲಕ ಇಂಗ್ಲಿಷ್ ಸಂಭಾಷಣೆ ಕಲಿಸುತ್ತಿದ್ದೇನೆ. ಅವರ ಹಂಗುಲ್ ಲಿಪಿಯನ್ನು ಓದಬಲ್ಲೆ, ಅವರ ಭಾಷೆಯ ವ್ಯಾಕರಣದ ಪರಿಚಯ ಅಷ್ಟಿಷ್ಟು ಇದೆ. ವಿದ್ಯಾರ್ಥಿಗಳ ಓದಿನ ಮಟ್ಟ ನಿಜಕ್ಕೂ ಎತ್ತರದ್ದು. ಅಲ್ಲಿ 1997ರಿಂದ ಪ್ರಾಥಮಿಕ ಶಾಲೆಯ 3ನೇ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗುತ್ತದೆ. ಕಾಲೇಜು ಪ್ರವೇಶಕ್ಕೆ ಬರೆಯುವ ಸುನುಂಗ್ ಪರೀಕ್ಷೆಯ ಇಂಗ್ಲಿಷ್ ವಿಭಾಗದಲ್ಲಿ 70 ನಿಮಿಷಗಳೊಳಗೆ 45 ಪ್ರಶ್ನೆಗಳಿಗೆ ಉತ್ತರಿಸಬೇಕು. ಅವುಗಳಲ್ಲಿ 17 ಪ್ರಶ್ನೆಗಳು ಆಲಿಸಿ ಉತ್ತರಿಸುವಂಥವು. ಆ ಭಾಗ ನಡೆಯುವಷ್ಟು ಹೊತ್ತು ಸದ್ದಾಗಬಾರದೆಂದು ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ದೇಶದುದ್ದಕ್ಕೂ ತಡೆಹಿಡಿಯುತ್ತಾರೆ. ಇಷ್ಟೆಲ್ಲ ಇದ್ದೂ, ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ ಆ ಪರೀಕ್ಷೆಯಲ್ಲಿ ಒಂದೂ ಇಲ್ಲ.

ಹಾಗಾಗಿ ಕ್ಲಿಷ್ಟವಾದ ಪ್ರಬಂಧವನ್ನು ಸಲೀಸಾಗಿ ಓದಿ ಅರ್ಥಮಾಡಿಕೊಳ್ಳುವವರೇ ಮಾತಿಗೆ ನಿಂತಾಗ ತಡವರಿಸುತ್ತಾರೆ. ‘ಕಾಫಿ’ ಎನ್ನಬೇಕಾದಲ್ಲಿ ‘ಕಾಪಿ’ ಎಂದು ಕೇಳಿಸುತ್ತದೆ, ‘ಫಿಲ್ಮ್’ ಎಂಬುದು ‘ಪಿಲ್ಲುಮ್’ ಆಗುತ್ತದೆ, ‘ಗುಡ್ ಮಾರ್ನಿಂಗ್’ ಎಂಬುದು ‘ಗುನ್ ಮೋನಿಂಗ್’ ಆಗುತ್ತದೆ. ರಕಾರ ಮತ್ತು ಲಕಾರಗಳ ಗೊಂದಲವಂತೂ ಇದ್ದೇ ಇದೆ. ನನ್ನ ಬಳಿ ಇರುವ ಕೈಪಿಡಿಗಳು ಈ ಗೊಂದಲದಿಂದಲೇ ಪಾಠವನ್ನು ಆರಂಭಿಸುತ್ತವೆ. ‘ರೈಟ್–ಲೈಟ್’, ‘ರೈಸ್–ಲೈಸ್’ ಜೋಡಿಗಳನ್ನು ಪುಟಗಟ್ಟಲೆ ಹೇಳಿಸುತ್ತವೆ. ಆದರೆ ಅಭ್ಯಾಸದ ವೇಳೆ ಸರಿಯಾಗಿ ಬಂದದ್ದು ಮಾತಿನ ಓಟದಲ್ಲಿ ಮತ್ತೆ ಕಳೆದುಹೋಗುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1, ಧ್ವನಿಪ್ರಿಯ

ರಕಾರ–ಲಕಾರಗಳ ಪಟ್ಟಿಯನ್ನು ಸದ್ಯ ಬದಿಗಿಡುವಂತೆ ನಾನು ಹೇಳುತ್ತೇನೆ. ನೀವು ಕೊಟ್ಟ ಉದಾಹರಣೆಗಳಲ್ಲಿ ಎರಡರ ಮೂಲ ಯಾವುದೇ ಒಂದು ವ್ಯಂಜನದ ಕೊರತೆಯಲ್ಲ, ಕೊರಿಯನ್ ಉಚ್ಚಾರಾಂಶದ (ಸಿಲಬಲ್) ಕಟ್ಟು. ಆ ಭಾಷೆಯಲ್ಲಿ ಉಚ್ಚಾರಾಂಶವೊಂದರ ಆರಂಭದಲ್ಲಿ ಎರಡು ವ್ಯಂಜನಗಳು ಒತ್ತೊತ್ತಾಗಿ ನಿಲ್ಲುವುದಿಲ್ಲ, ಕೊನೆಯಲ್ಲಿ ಏಳು ವ್ಯಂಜನಧ್ವನಿಗಳಿಗೆ ಮಾತ್ರ ಅವಕಾಶವಿದೆ. ಆದ್ದರಿಂದ ಇಂಗ್ಲಿಷಿನ ಒತ್ತಕ್ಷರಗಳ ನಡುವೆ ಅವರು ಒಂದು ಸ್ವರವನ್ನು ತುರುಕಲೇಬೇಕಾಗುತ್ತದೆ. ನಮ್ಮ ಉಕಾರವನ್ನು ತುಟಿ ದುಂಡಗೆ ಮಾಡದೆ ಹೇಳಿದರೆ ಹೇಗೋ ಹಾಗೆ ಆ ಸ್ವರ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಒಂದೇ ಉಚ್ಚಾರಾಂಶವಾದ ‘ಸ್ಟ್ರೈಕ್’, ಹಂಗುಲ್‌ನಲ್ಲಿ ‘ಸು-ತು-ರಾ-ಇ-ಕು’ ಎಂದು ಐದಾಗುತ್ತದೆ. ಎರಡು ಉಚ್ಚಾರಾಂಶಗಳ ‘ಕ್ರಿಸ್ಮಸ್’ ಕೂಡ ಐದಕ್ಕೆ ಏರುತ್ತದೆ. ಇಂಗ್ಲಿಷ್ ಮಾತನಾಡುವವರ ಕಿವಿ ಪದವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಉಚ್ಚಾರಾಂಶಗಳ ಎಣಿಕೆಯಿಂದ ಮತ್ತು ಒತ್ತಿನಿಂದ, ಅಂದರೆ ಯಾವ ಉಚ್ಚಾರಾಂಶವನ್ನು ಎತ್ತಿ ಹೇಳುತ್ತೇವೆ ಎಂಬುದರಿಂದ. ಒಂದಿದ್ದದ್ದು ಐದಾದ ಮೇಲೆ ರಕಾರ ಎಷ್ಟೇ ಶುದ್ಧವಾಗಿದ್ದರೂ ಪದ ಕೈಗೆ ಸಿಗುವುದಿಲ್ಲ.

ಕನ್ನಡಿಗರಾದ ನಮಗೆ ಇದು ಹೊಸತೇನೂ ಅಲ್ಲ. ನಾವೂ ಬಸ್ಸು, ಕಾರು, ಲೈಟು ಎಂದು ಪದದ ಕೊನೆಗೆ ಉಕಾರ ಅಂಟಿಸಿಯೇ ಇಂಗ್ಲಿಷ್ ಪದಗಳನ್ನು ಒಳಗೆ ಬಿಟ್ಟುಕೊಂಡವರು. ನಾವು ‘ಬೆಂಚು’ ಎನ್ನುವುದನ್ನು ಅವರು ‘ಬೆಂಚಿ’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಚಕಾರ, ಜಕಾರಗಳ ನಂತರ ಅವರಲ್ಲಿ ಬರುವುದು ಇಕಾರ.

ಅಭ್ಯಾಸಕ್ಕೆ ಒಂದು ಕ್ರಮವನ್ನು ಸೂಚಿಸುತ್ತೇನೆ. ಪದವನ್ನು ಹಿಂದಿನಿಂದ ಕಟ್ಟಿಸಿ: ಮೊದಲು ‘ರೈಕ್’, ಆಮೇಲೆ ‘ಟ್ರೈಕ್’, ಕೊನೆಗೆ ‘ಸ್ಟ್ರೈಕ್’. ಪ್ರತಿ ಸಲವೂ ಒಂದೇ ಚಪ್ಪಾಳೆ ಬೀಳಬೇಕು. ವಿದ್ಯಾರ್ಥಿಗೆ ಕೈ ಎರಡನೇ ಸಲ ತಟ್ಟಬೇಕೆನಿಸಿದ ಜಾಗದಲ್ಲೇ ಹೆಚ್ಚುವರಿ ಸ್ವರ ಕುಳಿತಿರುತ್ತದೆ. ಇದರ ಜೊತೆಗೆ, ಇಂಗ್ಲಿಷ್ ಪದಗಳ ಉಚ್ಚಾರಣೆಯನ್ನು ಹಂಗುಲ್‌ನಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ಹಂಗುಲ್ ಅಕ್ಷರಗಳನ್ನು ಚೌಕಗಳಾಗಿ ಜೋಡಿಸಿ ಬರೆಯುತ್ತಾರೆ, ಪ್ರತಿ ಚೌಕವೂ ಒಂದು ಉಚ್ಚಾರಾಂಶ. 1443ರಲ್ಲಿ ರೂಪುಗೊಂಡು 1446ರಲ್ಲಿ ಪ್ರಕಟವಾದ ಆ ಲಿಪಿ ಕೊರಿಯನ್ ಭಾಷೆಗೆ ಹೇಳಿ ಮಾಡಿಸಿದಂತಿದೆ; ಅದೇ ಕಾರಣಕ್ಕೆ ಇಂಗ್ಲಿಷನ್ನು ಅದರಲ್ಲಿ ಬರೆದ ಕೂಡಲೇ ಪದ ಕೊರಿಯನ್ ಆಗಿಬಿಡುತ್ತದೆ.

ಇನ್ನು ‘ಗುನ್ ಮೋನಿಂಗ್’. ಇದನ್ನು ಅಲಕ್ಷ್ಯದ ಉಚ್ಚಾರವೆಂದು ತಿಳಿಯಬೇಡಿ. ಶಾಲೆಯಲ್ಲಿ ಓದಿದ ಅನುನಾಸಿಕ ಸಂಧಿ ನಿಮಗೆ ನೆನಪಿರಬಹುದು: ವಾಕ್ ಮತ್ತು ಮಯ ಸೇರಿ ವಾಙ್ಮಯ, ಸತ್ ಮತ್ತು ಮಾನ ಸೇರಿ ಸನ್ಮಾನ. ಕೊರಿಯನ್ ಭಾಷೆಯಲ್ಲಿ ಇದೇ ನಿಯಮ ಜೀವಂತವಾಗಿದ್ದು ಪ್ರತಿ ವಾಕ್ಯದಲ್ಲೂ ಕೆಲಸ ಮಾಡುತ್ತದೆ. ‘ಗುಕ್’ ಮತ್ತು ‘ಮುಲ್’ ಸೇರಿದರೆ ‘ಗುಙ್ಮುಲ್’. ಬರಹದಲ್ಲಿ ‘ಹಪ್ನಿದಾ’ ಎಂದಿರುವುದು ಬಾಯಲ್ಲಿ ‘ಹಮ್ನಿದಾ’. ಆದ್ದರಿಂದ ‘ಗುಡ್’ ಮುಂದೆ ಮಕಾರ ಬಂದಾಗ ‘ಗುನ್’ ಆಗುವುದು, ‘ಪಾಪ್ ಮ್ಯೂಸಿಕ್’ ಎಂಬುದು ‘ಪಾಮ್ ಮ್ಯೂಸಿಕ್’ ಆಗುವುದು ಅವರ ಕಿವಿಗೆ ತಪ್ಪೆಂದೇ ಕೇಳಿಸುವುದಿಲ್ಲ. ನಕಾರದ ಪಕ್ಕ ಲಕಾರ ಬಂದರೆ ಎರಡೂ ಲಕಾರವಾಗುವ ನಿಯಮವೂ ಉಂಟು. ‘ಓನ್ಲಿ’ ಎಂಬುದು ‘ಓಲ್ಲಿ’ ಆಗುವುದು ಅದರಿಂದ. ಇವನ್ನು ಸರಿಪಡಿಸಲು ಎರಡು ಪದಗಳ ನಡುವೆ ಸಣ್ಣ ತಡೆ ಇಟ್ಟು ಹೇಳಿಸಿ, ತಡೆಯನ್ನು ಕ್ರಮೇಣ ಕಿರಿದುಗೊಳಿಸುತ್ತ ಬನ್ನಿ.

ಮುಂದಿನ ಎಚ್ಚರಿಕೆ ನಿಮ್ಮ ಉಚ್ಚಾರಣೆಯ ಬಗ್ಗೆ. ಕೊರಿಯನ್ ಕಿವಿ ಸ್ಪರ್ಶ ವ್ಯಂಜನಗಳನ್ನು ಘೋಷ (ಗ, ದ, ಬ ಥರದವು)–ಅಘೋಷ (ಕ, ತ, ಪ ಥರದವು) ಎಂದು ವಿಂಗಡಿಸುವುದಿಲ್ಲ. ಸಡಿಲ, ಬಿಗಿ, ಮಹಾಪ್ರಾಣ ಎಂದು ಮೂರಾಗಿ ವಿಂಗಡಿಸುತ್ತದೆ. ಸಡಿಲವಾಗಿ ಹೇಳಿದ ‘ಬುಲ್’ ಎಂದರೆ ಬೆಂಕಿ, ಬಿಗಿಯಾಗಿ ಹೇಳಿದ ‘ಪುಲ್’ ಎಂದರೆ ಕೊಂಬು, ಉಸಿರು ತುಂಬಿ ಹೇಳಿದರೆ ಹುಲ್ಲು. ಸಡಿಲ ವ್ಯಂಜನವು ಪದದ ಆರಂಭದಲ್ಲಿ ನಮಗೆ ಅಘೋಷದಂತೆಯೂ, ಎರಡು ಸ್ವರಗಳ ನಡುವೆ ಘೋಷದಂತೆಯೂ ಕೇಳಿಸುತ್ತದೆ. ಇಂದು ಬುಸಾನ್ ಎಂದು ರೋಮನ್ ಲಿಪಿಯಲ್ಲಿ ಬರೆಯುವ ಊರನ್ನು 2000ನೇ ಇಸವಿಯ ಲಿಪ್ಯಂತರ ನಿಯಮಕ್ಕೆ ಮೊದಲು ಪುಸಾನ್ ಎಂದು ಬರೆಯುತ್ತಿದ್ದುದರ ಹಿನ್ನೆಲೆ ಇದೇ. ಈಗ ಯೋಚಿಸಿ: ನಾವು ‘ಪೆನ್’ ಎನ್ನುವಾಗ ಉಸಿರು ಹೊರಡುವುದೇ ಇಲ್ಲ, ಹಾಗಾಗಿ ಅವರಿಗೆ ಅದು ಬಿಗಿ ವ್ಯಂಜನವಾಗಿ ಕೇಳಿಸುತ್ತದೆ. ಇಂಗ್ಲಿಷಿನ ಪದಾದಿಯ ಪಕಾರ, ಕಕಾರಗಳಲ್ಲಿ ಉಸಿರಿನ ಹೊಮ್ಮುವಿಕೆ ಇದೆ. ಆ ಉಸಿರನ್ನು ನೀವು ಬೇಕೆಂದೇ ಸೇರಿಸಿ ಹೇಳಿದರೆ ವಿದ್ಯಾರ್ಥಿ ತನ್ನ ಮಹಾಪ್ರಾಣವನ್ನು ಬಳಸಿ ತಕ್ಷಣ ಸರಿಯಾಗಿ ಹೇಳುತ್ತಾನೆ.

ಪದಾಂತ್ಯದ ‘ಬ್ಯಾಗ್’ ಮತ್ತು ‘ಬ್ಯಾಕ್’ ಎರಡನ್ನೂ ಹಂಗುಲ್‌ನಲ್ಲಿ ಒಂದೇ ರೀತಿ ಬರೆಯುತ್ತಾರೆ. ಇಲ್ಲಿ ಕೊನೆಯ ವ್ಯಂಜನದ ಮೇಲೆ ಒತ್ತಡ ಹಾಕಿದರೆ ‘ಬ್ಯಾಗು’ ಎಂದು ಹೊಸ ಸ್ವರ ಹುಟ್ಟಿಕೊಳ್ಳುತ್ತದೆ. ಅದರ ಬದಲು ‘ಬ್ಯಾಗ್’ ಪದದ ಸ್ವರವನ್ನು ಎಳೆದು, ‘ಬ್ಯಾಕ್’ ಪದದ ಸ್ವರವನ್ನು ಮೊಟಕಾಗಿ ಹೇಳಿಸಿ. ಇಂಗ್ಲಿಷ್ ಕಿವಿ ಆ ಎರಡನ್ನು ಬೇರ್ಪಡಿಸುವುದರಲ್ಲಿ ಸ್ವರದ ಉದ್ದದ ಪಾಲು ದೊಡ್ಡದು.

ರಕಾರ–ಲಕಾರಗಳಿಗೆ ಕೊನೆಯಲ್ಲಿ ಬನ್ನಿ. ಅವರಲ್ಲಿ ಇರುವುದು ಒಂದೇ ಅಕ್ಷರ. ಸ್ವರಗಳ ನಡುವೆ ಅದು ನಮ್ಮ ರಕಾರದ ಹತ್ತಿರ, ಉಚ್ಚಾರಾಂಶದ ಕೊನೆಯಲ್ಲಿ ಲಕಾರ, ದ್ವಿತ್ವವಾದಾಗ ಸ್ಪಷ್ಟ ‘ಲ್ಲ’. ಅಂದರೆ ಲಕಾರ ಅವರ ಬಾಯಲ್ಲಿ ಈಗಾಗಲೇ ಇದೆ, ಪದದ ಆರಂಭದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಅಲ್ಲಿನ ಕೆಲವು ಶಿಕ್ಷಕರು ‘ಲೈಟ್’ ಹೇಳುವ ಮುನ್ನ ಮನಸ್ಸಿನಲ್ಲೇ ‘ಉಲ್’ ಎಂದೂ, ‘ರೈಟ್’ ಹೇಳುವ ಮುನ್ನ ತುಟಿ ದುಂಡಗೆ ಮಾಡಿ ‘ಉ’ ಎಂದೂ ಅಂದುಕೊಳ್ಳಲು ಹೇಳಿಕೊಡುತ್ತಾರೆ. ಪುಟಗಟ್ಟಲೆ ಜೋಡಿಪದಗಳಿಗಿಂತ ಈ ಉಪಾಯ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2, ಲಯಜಿಜ್ಞಾಸು

ಧ್ವನಿಪ್ರಿಯ ಅವರ ವಿವರಣೆಯನ್ನು ಬಹುಪಾಲು ಒಪ್ಪುತ್ತೇನೆ, ಎರಡು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದೆ. ಮೊದಲನೆಯದಾಗಿ, ‘ಕಾಫಿ’ಯ ಸಮಸ್ಯೆಗೆ ಅವರು ಉತ್ತರವನ್ನೇ ಕೊಟ್ಟಿಲ್ಲ. ಕೆಳತುಟಿಗೆ ಮೇಲಿನ ಹಲ್ಲು ತಾಗಿಸಿ ಗಾಳಿ ಬಿಡುವ ಆ ಧ್ವನಿಯನ್ನು ಮುಂದೂಡುವ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವ ಧ್ವನಿ. ಕ್ಯಾಮೆರಾ ಮುಂದೆ ತುಟಿಯನ್ನು ತೋರಿಸಿದರೆ ವಿದ್ಯಾರ್ಥಿ ಬೇಗ ಹಿಡಿಯುತ್ತಾನೆ, ತಪ್ಪಿದರೆ ನಿಮಗೆ ಕೂಡಲೇ ಕಾಣಿಸುತ್ತದೆ. ‘ಝೂ’ ಎಂಬುದು ‘ಜೂ’ ಆಗುವುದು, ‘ಸಿಟಿ’ ಎಂಬುದು ‘ಶಿಟಿ’ ಆಗುವುದು ಇದಕ್ಕಿಂತ ಕಷ್ಟದ ರೋಗಗಳು, ಏಕೆಂದರೆ ನಾಲಗೆ ಬಾಯೊಳಗೇ ಅಡಗಿರುತ್ತದೆ. ಎರಡನೆಯದರಲ್ಲಂತೂ ಇಕಾರದ ಮುಂದೆ ಸಕಾರ ತಾನಾಗಿಯೇ ಶಕಾರದ ಕಡೆಗೆ ವಾಲುವುದು ಕೊರಿಯನ್ ಭಾಷೆಯ ಸಹಜ ಗುಣ. ತಪ್ಪಿದರೆ ಪದ ಅಸಭ್ಯವಾಗಿಯೂ ಕೇಳಿಸಬಹುದಾದ್ದರಿಂದ ಅದನ್ನು ಬೇಗ ತಿದ್ದುವುದು ಒಳಿತು.

ಎರಡನೆಯದಾಗಿ, ಒತ್ತಿನ ವಿಷಯವನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದಾರೆ. ‘ಬನಾನಾ’ ಪದವನ್ನು ಕೊರಿಯನ್ ಭಾಷಿಕರು ಮೂರು ಸಮಾನ ತುಂಡುಗಳಾಗಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ನಡುವಿನದು ಮಾತ್ರ ಎದ್ದು ನಿಂತು, ಅಕ್ಕಪಕ್ಕದ ಸ್ವರಗಳು ಸೊರಗುತ್ತವೆ. ಸಿಯೋಲ್ ಕಡೆಯ ಕೊರಿಯನ್ ಭಾಷೆಯಲ್ಲಿ ಪದದೊಳಗಿನ ಒತ್ತು ಅರ್ಥವನ್ನು ಬದಲಿಸುವುದಿಲ್ಲ; ಕನ್ನಡದಲ್ಲೂ ಇಲ್ಲ. ಆದ್ದರಿಂದ ಈ ಒಂದು ವಿಷಯದಲ್ಲಿ ನಿಮ್ಮ ದನಿಯನ್ನು ಮಾದರಿಯಾಗಿ ಕೊಡದೆ, ಇಂಗ್ಲಿಷ್ ಮಾತೃಭಾಷೆಯವರ ಧ್ವನಿಮುದ್ರಿಕೆಯನ್ನು ಕೇಳಿಸಿ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಕೃತಜ್ಞತೆಗಳು. ವಾಙ್ಮಯದ ಉದಾಹರಣೆಯಿಂದ ‘ಗುನ್ ಮೋನಿಂಗ್’ ಒಗಟು ಬಿಡಿಸಿದಂತಾಯಿತು. ವ್ಯಾಕರಣದ ಬಗ್ಗೆಯೂ ಕೇಳಬೇಕಿತ್ತು. ‘ಎ’ ಮತ್ತು ‘ದಿ’ ಉಪಪದಗಳನ್ನು ನನ್ನ ವಿದ್ಯಾರ್ಥಿಗಳು ಮನಬಂದಂತೆ ಬಿಡುತ್ತಾರೆ, ಇಲ್ಲವೇ ಬೇಡದ ಕಡೆ ಸೇರಿಸುತ್ತಾರೆ. ನಿಯಮಗಳನ್ನೆಲ್ಲ ಅವರು ನನಗಿಂತ ಚೆನ್ನಾಗಿ ಒಪ್ಪಿಸಬಲ್ಲರು, ಬಳಸುವಾಗ ಮಾತ್ರ ನಿಯಮ ನೆರವಿಗೆ ಬರುತ್ತಿಲ್ಲ. ಇದಕ್ಕೆ ದಾರಿಯೇನು?

ಉತ್ತರ 3, ವಾಕ್ಯಾನ್ವೇಷಿ

ಇಂಗ್ಲಿಷಿನ ನಿಯಮವನ್ನು ಇಂಗ್ಲಿಷಿನಿಂದಲೇ ವಿವರಿಸುವುದಕ್ಕಿಂತ, ಅವರ ಭಾಷೆಯಲ್ಲಿ ಅದಕ್ಕೆ ಹತ್ತಿರವಾದದ್ದನ್ನು ಹುಡುಕಿ ತೋರಿಸುವುದು ಮೇಲು. ಕನ್ನಡ ಬಲ್ಲವರಿಗೆ ಈ ಕೆಲಸ ಸುಲಭ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟುತ್ತದೆ, ಉಪಪದವಿಲ್ಲ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬುದನ್ನು ಕೊರಿಯನ್ ಭಾಷೆಯಲ್ಲಿ ‘ನೆಗಾ ಒಜೆ ಸಾನ್ ಚೆಕ್’ ಎನ್ನುತ್ತಾರೆ. ಪದಕ್ಕೆ ಪದ ಸರಿಹೊಂದುತ್ತದೆ, ಕ್ರಮವೂ ಅದೇ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು ಕೊಂಡ ಸಂಗತಿ ಹಿಂದಿನಿಂದ ಬರುವುದು ಅವರಿಗೆ ಏಕೆ ತಿರುವುಮುರುವಾಗಿ ಕಾಣುತ್ತದೆ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಉಪಪದಗಳಿಗೆ ಕತೆಯ ಆರಂಭವನ್ನು ಬಳಸಿ. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ...’ ಎಂದು ನಾವು ಹೇಳುವಾಗ ‘ಒಬ್ಬ’ ಮತ್ತು ‘ಆ’ ಮಾಡುವ ಕೆಲಸವನ್ನು ಕೊರಿಯನ್ ಭಾಷೆಯಲ್ಲಿ ಪ್ರತ್ಯಯಗಳೂ ಮಾಡುತ್ತವೆ. ರಾಜ ಮೊದಲ ಸಲ ಕತೆಗೆ ಬರುವಾಗ ‘ವಾಂಗ್-ಇ’ ಎಂದು ಕರ್ತೃಪ್ರತ್ಯಯ ಹತ್ತುತ್ತದೆ; ಪರಿಚಯವಾದ ಮೇಲೆ ‘ವಾಂಗ್-ಉನ್’ ಎಂದು ವಿಷಯಸೂಚಕ ಪ್ರತ್ಯಯ ಬರುತ್ತದೆ. ಕೇಳುಗನಿಗೆ ಇದು ಹೊಸದೋ ಹಳೆಯದೋ ಎಂದು ಲೆಕ್ಕ ಹಾಕುವ ಅಭ್ಯಾಸ ಅವರ ಮಾತಿನಲ್ಲಿ ಆಗಲೇ ಇದೆಯೆಂದು ತೋರಿಸಿಕೊಟ್ಟರೆ ‘ಎ’ ಮತ್ತು ‘ದಿ’ ಪರಕೀಯವೆನಿಸುವುದಿಲ್ಲ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ‘ಸೂರ್ಯ ಹುಟ್ಟುತ್ತಾನೆ’ ಎನ್ನುವಾಗ ಕೊರಿಯನ್ ಭಾಷೆ ‘ಹೇಗಾ’ ಎಂದು ಕರ್ತೃಪ್ರತ್ಯಯವನ್ನೇ ಬಳಸುತ್ತದೆ, ಇಂಗ್ಲಿಷ್ ಮಾತ್ರ ‘ದಿ’ಯನ್ನು ಬಿಡುವುದಿಲ್ಲ. ಇಂಥವನ್ನು ಬೇರೆಯಾಗಿಯೇ ಕಲಿಸಬೇಕು.

ಎರಡು ಭಾಷೆಗಳ ಈ ಹತ್ತಿರದ ಗುಣವೇ ನಿಮಗೆ ತೊಡಕಾಗುವುದೂ ಉಂಟು. ‘ಡಿಸ್ಕಸ್ ಅಬೌಟ್’, ‘ಮ್ಯಾರಿ ವಿತ್’ ಎಂದು ಅವರು ಹೇಳಿದರೆ ನಿಮ್ಮ ಕಿವಿ ಎಚ್ಚೆತ್ತುಕೊಳ್ಳದೆ ಇರಬಹುದು. ಒಂದು ವಿಷಯದ ಬಗ್ಗೆ ಚರ್ಚಿಸುವುದು, ಒಬ್ಬರ ಜೊತೆ ಮದುವೆಯಾಗುವುದು ಎರಡೂ ಭಾಷೆಗಳ ರೂಢಿ, ಇಂಗ್ಲಿಷಿನಲ್ಲಿ ಆ ಎರಡು ಕ್ರಿಯಾಪದಗಳಿಗೆ ನಡುವೆ ಏನೂ ಬೇಕಿಲ್ಲ. ‘ನೀವು ಬರುವುದಿಲ್ಲವೇ?’ ಎಂದು ಕೇಳಿದರೆ ‘ಹೌದು, ಬರುವುದಿಲ್ಲ’ ಎಂದು ಉತ್ತರಿಸುವುದೂ ಹಾಗೆಯೇ. ಕೊರಿಯನ್ ವಿದ್ಯಾರ್ಥಿ ‘ಯೆಸ್’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಅವನು ಬರುತ್ತಾನೆಂದು ಇಂಗ್ಲಿಷ್ ಕೇಳುಗ ತಿಳಿಯುತ್ತಾನೆ. ಕೊರಿಯನ್ ಗೃಹಿಣಿಯೊಬ್ಬರು ತಮ್ಮ ಗಂಡನನ್ನು ‘ಅವರ್ ಹಸ್ಬೆಂಡ್’ ಎಂದರೆ ನಮಗೆ ‘ನಮ್ಮ ಯಜಮಾನರು’ ಎಂದು ಸಹಜವಾಗಿಯೇ ಕೇಳಿಸುತ್ತದೆ, ಇಂಗ್ಲಿಷರು ಮಾತ್ರ ಗಾಬರಿಯಾಗುತ್ತಾರೆ! ಅವರಿಗೂ ನಮಗೂ ಸಮಾನವಾದ ಇಂಥ ರೂಢಿಗಳನ್ನು ಒಂದು ಪಟ್ಟಿಯಾಗಿ ಬರೆದು ಪಾಠದ ವೇಳೆ ಎದುರಿಗಿಟ್ಟುಕೊಳ್ಳಿ.

ಸಂಖ್ಯೆಗಳಿಗೂ ಸ್ವಲ್ಪ ಸಮಯ ಕೊಡಿ. ನಮ್ಮಲ್ಲಿ ಲಕ್ಷ, ಕೋಟಿ ಇರುವಂತೆ ಅವರಲ್ಲಿ ಹತ್ತು ಸಾವಿರಕ್ಕೆ ‘ಮನ್’, ಹತ್ತು ಕೋಟಿಗೆ ‘ಒಕ್’ ಎಂಬ ಘಟಕಗಳಿವೆ. ಐದು ಕೋಟಿಯನ್ನು ಅವರು ‘ಐದು ಸಾವಿರ ಮನ್’ ಎಂದು ಎಣಿಸುತ್ತಾರೆ; ಅದನ್ನು ಮಿಲಿಯನ್‌ಗೆ ಬದಲಿಸುವಷ್ಟರಲ್ಲಿ ಮಾತು ನಿಂತೇ ಹೋಗುತ್ತದೆ. ‘ನೂರು ಮನ್ ಎಂದರೆ ಒಂದು ಮಿಲಿಯನ್’ ಎಂಬ ಒಂದು ಸಮೀಕರಣ ಬಾಯಿಪಾಠವಾಗಿದ್ದರೆ ಉಳಿದದ್ದನ್ನು ಅದರಿಂದ ಲೆಕ್ಕ ಹಾಕಬಹುದು.

ಉತ್ತರ 4, ಪದಸಂಗ್ರಾಹಕ

ಶಬ್ದಸಂಪತ್ತಿನ ಮಾತು ಯಾರೂ ಎತ್ತಲಿಲ್ಲವಾದ್ದರಿಂದ ನಾಲ್ಕು ಸಾಲು ಸೇರಿಸುತ್ತೇನೆ. ಪರೀಕ್ಷೆಗಾಗಿ ಕಲಿತ ಕಠಿಣ ಪದಗಳಿಂದ ನಿಮ್ಮ ವಿದ್ಯಾರ್ಥಿಗಳಿಗೆ ತೊಂದರೆಯಾಗುವುದಿಲ್ಲ. ಇಂಗ್ಲಿಷೇ ಎಂದು ಅವರು ನಂಬಿರುವ ದಿನಬಳಕೆಯ ಪದಗಳಿಂದ ಆಗುತ್ತದೆ. ಕೊರಿಯಾದಲ್ಲಿ ‘ಹ್ಯಾಂಡ್‌ಫೋನ್’ ಎಂದರೆ ಮೊಬೈಲ್, ‘ನೋಟ್‌ಬುಕ್’ ಎಂದರೆ ಲ್ಯಾಪ್‌ಟಾಪ್, ‘ಹೆಲ್ತ್’ ಎಂದರೆ ವ್ಯಾಯಾಮಶಾಲೆಯ ಕಸರತ್ತು, ‘ಕನ್ನಿಂಗ್’ ಎಂದರೆ ಪರೀಕ್ಷೆಯಲ್ಲಿ ನಕಲು, ‘ಸರ್ವಿಸ್’ ಎಂದರೆ ಅಂಗಡಿಯವರು ಪುಕ್ಕಟೆಯಾಗಿ ಕೊಡುವುದು. ‘ಮೀಟಿಂಗ್’ ಇತ್ತು ಎಂದು ಕಾಲೇಜು ಹುಡುಗನೊಬ್ಬ ಹೇಳಿದರೆ ಅದು ಸಭೆಯಾಗಿರಲಾರದು. ಹುಡುಗ ಹುಡುಗಿಯರು ಗುಂಪಾಗಿ ಮೊದಲ ಬಾರಿ ಭೇಟಿಯಾಗುವ ಸಂದರ್ಭಕ್ಕೆ ಅಲ್ಲಿ ಆ ಹೆಸರಿದೆ. ಅರೆಕಾಲಿಕ ಕೆಲಸಕ್ಕೆ ಅವರು ಹೇಳುವ ‘ಅರುಬೈತು’ ಮತ್ತು ಮುರಿದ ಮೂಳೆಗೆ ಹಾಕುವ ಪಟ್ಟಿಗೆ ಹೇಳುವ ‘ಗಿಪ್ಸು’ ಜರ್ಮನ್ ಮೂಲದವು. ಅವನ್ನೂ ಇಂಗ್ಲಿಷೆಂದೇ ತಿಳಿದು ಬಳಸುವ ವಿದ್ಯಾರ್ಥಿಗಳಿದ್ದಾರೆ.

ಇವನ್ನು ತಪ್ಪೆಂದು ಕೆಂಪು ಗೆರೆ ಎಳೆಯುವುದು ನ್ಯಾಯವಲ್ಲ, ಏಕೆಂದರೆ ತಮ್ಮ ಭಾಷೆಯೊಳಗೆ ಅವು ಸರಿಯಾದ ಪದಗಳೇ. ಕೆಲವು ಇಂಗ್ಲಿಷಿಗೆ ಮರಳಿ ಹೋದದ್ದೂ ಉಂಟು: 2021ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೊರಿಯಾದ ಕಡೆಯಿಂದ ಬಂದ 26 ಪದಗಳನ್ನು ಸೇರಿಸಿಕೊಂಡಾಗ, ಹುರಿದುಂಬಿಸಲು ಕೂಗುವ ‘ಫೈಟಿಂಗ್’ ಮತ್ತು ಆತ್ಮೀಯ ಸ್ಪರ್ಶವನ್ನು ಸೂಚಿಸುವ ‘ಸ್ಕಿನ್‌ಶಿಪ್’ ಎರಡೂ ಅದರಲ್ಲಿದ್ದವು. ನಾವು ‘ಔಟ್ ಆಫ್ ಸ್ಟೇಷನ್’, ‘ಪ್ರಿಪೋನ್’ ಎನ್ನುವವರೂ ಹೆಚ್ಚು ಬೀಗುವಂತಿಲ್ಲ. ಅವು ನಿಮ್ಮ ಪಾಠದೊಳಗೆ ನುಸುಳದಂತೆ ನೋಡಿಕೊಳ್ಳಿ.

ನಾನು ಕಂಡಂತೆ ಒಳ್ಳೆಯ ಫಲ ಕೊಡುವ ಅಭ್ಯಾಸವೊಂದಿದೆ. ಇಂಥ ಪದ ಮಾತಿನ ನಡುವೆ ಬಂದಾಗ ಸರಿಯಾದ ಪದವನ್ನು ಕೂಡಲೇ ಒದಗಿಸಬೇಡಿ. ಆ ಪದ ಗೊತ್ತೇ ಇಲ್ಲದ ಕೇಳುಗನಿಗೆ ವಸ್ತುವನ್ನು ಇಂಗ್ಲಿಷಿನಲ್ಲೇ ವರ್ಣಿಸಲು ಹೇಳಿ. ಕಾಗದಗಳನ್ನು ಜೋಡಿಸುವ ಸ್ಟೇಪ್ಲರ್‌ಗೆ ಅವರು ‘ಹೊಚಿಕಿಸು’ ಎನ್ನುತ್ತಾರೆ, ತಯಾರಿಸುತ್ತಿದ್ದ ಕಂಪನಿಯ ಹೆಸರಿನಿಂದ ಬಂದದ್ದು. ಅದನ್ನು ವರ್ಣಿಸಹೊರಟ ವಿದ್ಯಾರ್ಥಿ ‘ಕಾಗದಗಳನ್ನು ಒಟ್ಟಿಗೆ ಹಿಡಿದಿಡಲು ನಾವು ಬಳಸುವ ಸಣ್ಣ ಉಪಕರಣ’ ಎಂದು ಹೇಳಬೇಕಾಗುತ್ತದೆ. ಆಗ ಉಪಕರಣ ಮೊದಲು ಬರಬೇಕು, ಬಳಸುವ ಸಂಗತಿ ಹಿಂದಿನಿಂದ ಬರಬೇಕು, ಎದುರಿಗೆ ‘ಎ’ ಇರಬೇಕು. ವಾಕ್ಯಾನ್ವೇಷಿ ಅವರು ಹೇಳಿದ ಅಷ್ಟೂ ವ್ಯಾಕರಣಕ್ಕೆ ಅಲ್ಲೇ ಕೆಲಸ ಸಿಗುತ್ತದೆ. ವಾಕ್ಯ ಮುಗಿದ ಮೇಲೆ ‘ಸ್ಟೇಪ್ಲರ್’ ಪದವನ್ನು ಕೊಟ್ಟು, ಆರಂಭದ ‘ಸ್ಟ’ ಒಡೆಯದಂತೆ ಎರಡೇ ಚಪ್ಪಾಳೆಗಳಲ್ಲಿ ಹೇಳಿಸಿ.